ಜಾಗ ಬಿಟ್ಟು ಬಂದ ಕಲ್ಲು

ನಮ್ಮ ಸರ್ ಕಲ್ಲು ನೆಕ್ಕುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರಾಣೇಬೆನ್ನೂರಿನಲ್ಲಿ ಅವರ ಹೆಸರು ಗೊತ್ತಿಲ್ಲದವರಿಗೂ ಈ ಸಂಗತಿ ಗೊತ್ತಿತ್ತು. ಒಣಗಿದ ಕಲ್ಲು ತನ್ನ ಬಣ್ಣ, ಕಣ ಯಾವುದನ್ನೂ ಬಿಟ್ಟುಕೊಡುವುದಿಲ್ಲ. ತೊಯ್ಯಿಸಿದರೆ ಎಲ್ಲವೂ ಕಾಣುತ್ತದೆ. ಬೇರೆಯವರು ಅದಕ್ಕಾಗಿ ನೀರಿನ ಬಾಟಲಿ ಹೊತ್ತು ತಿರುಗುತ್ತಾರೆ. ಸರ್‌ಗೆ ನಾಲಿಗೆಯೇ ಸಾಕಾಗಿತ್ತು. ಒಮ್ಮೆ ಯಾರದೋ ಮದುವೆಗೆ ಹೋದಾಗ ಕಲ್ಯಾಣಮಂಟಪದ ಮೆಟ್ಟಿಲ ಮೇಲೆ ಬಗ್ಗಿದರು. ಬೆರಳಿಗೆ ಉಗುಳು ಹಚ್ಚಿ ಕಲ್ಲು ತಿಕ್ಕಿ ನೋಡತೊಡಗಿದಾಗ ಅವರ ಹೆಂಡತಿ, ನಾವೆಲ್ಲ ಅಕ್ಕಾ ಎಂದು ಕರೆಯುತ್ತಿದ್ದವರು, ಸೆರಗಿನಿಂದ ಮುಖ ಮುಚ್ಚಿಕೊಂಡು, "ಇವರ ಕೂಡ ನಾ ಬಂದೇ ಇಲ್ಲ ಅಂತ ತಿಳಕೊಳ್ರಿ" ಎಂದಿದ್ದರು.

ಅವರ ಅಂಗಿಗೆ ದರ್ಜಿ ಎರಡು ಪದರ ಬಟ್ಟೆ ಹಾಕಿ ಜೇಬು ಹೊಲಿಯುತ್ತಿದ್ದ. ಆದರೂ ಆರು ತಿಂಗಳಲ್ಲಿ ಜೇಬು ಜೋತು ಬೀಳುತ್ತಿತ್ತು. ಸ್ಟಾಫ್ ಮೀಟಿಂಗಿನಲ್ಲಿ ಕರವಸ್ತ್ರ ತೆಗೆಯಲು ಹೋಗಿ ಪ್ರಿನ್ಸಿಪಾಲರ ಕಾಲ ಮೇಲೆ ಕಲ್ಲು ಬೀಳಿಸಿದ್ದೂ ಉಂಟು. ಕಲ್ಲನ್ನು ಎತ್ತಿಕೊಳ್ಳುತ್ತ ಅವರು ಕೇಳಿದ್ದು, "ಒಡದಿಲ್ಲಲ್ಲಾ?" ಎಂದು. ಕಾಲನ್ನು ಕುರಿತು ಕೇಳಿದರೆಂದು ಪ್ರಿನ್ಸಿಪಾಲರು ಬಹಳ ದಿನ ನಂಬಿದ್ದರು.

ಹೋದ ತಿಂಗಳು ಸರ್ ತೀರಿಕೊಂಡರು. ಅವರ ಮೇಲೆ ಏನಾದರೂ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ. ಇಂಥ ನಗೆಯ ಪ್ರಸಂಗಗಳನ್ನೇ ನಾಲ್ಕು ಪೋಣಿಸಿ, ಕೊನೆಗೆ ನಮಸ್ಕಾರ ಹೇಳಿ ಮುಗಿಸಬಹುದಿತ್ತು. ಹಾಗೆಯೇ ಮಾಡಬೇಕೆಂದು ಕೂತಿದ್ದೆ. ಆಗಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬ್ಯಾಡಗಿಯವಳು. ಬಿ.ಎಸ್ಸಿ. ಮುಗಿಸಿ, ಓದಿದ ರಾಣೇಬೆನ್ನೂರಿನ ಕಾಲೇಜಿನಲ್ಲೇ, ಸರ್ ಕೈಕೆಳಗೆ, ಭೂಗರ್ಭಶಾಸ್ತ್ರದ ಪ್ರಯೋಗಾಲಯಕ್ಕೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ. ಕೆಲಸ ಕಾಯಂ ಅಲ್ಲ. ಸರ್ ಬೇಡ ಎಂದರೆ ಮರುದಿನದಿಂದಲೇ ಇಲ್ಲ. ಮನೆಯಲ್ಲಿ ಗಂಡು ನೋಡುತ್ತಿದ್ದರು. ಧಾರವಾಡಕ್ಕೆ ಎಂ.ಎಸ್ಸಿ.ಗೆ ಹೋಗಬೇಕೆಂಬ ನನ್ನ ಆಸೆಗೆ ಇದ್ದ ಒಂದೇ ಆಧಾರ ಸರ್ ಬರೆದುಕೊಡಬಹುದಾದ ಶಿಫಾರಸು ಪತ್ರ. ಹೀಗಾಗಿ ಅವರ ಮುಂದೆ ತಪ್ಪು ಮಾಡಬಾರದು ಎನ್ನುವುದೇ ನನಗೆ ಜಪವಾಗಿತ್ತು.

ಸರ್ ಆಗ ಒಂಬತ್ತು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದರು. ಪಾಠ, ಪರೀಕ್ಷೆ, ಎನ್.ಎಸ್.ಎಸ್. ಶಿಬಿರ ಎಲ್ಲ ಮುಗಿದ ಮೇಲೆ ಉಳಿದ ರವಿವಾರಗಳಲ್ಲಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತಿನ ನೆಲವನ್ನು ಕಾಲಲ್ಲಿ ಅಳೆದಿದ್ದರು. ದೇವರಗುಡ್ಡಕ್ಕೆ ಹೋದವರು ದೇವರಿಗೆ ಕೈಮುಗಿದು ಬರುತ್ತಾರೆ. ಇವರು ಗುಡ್ಡಕ್ಕೇ ಕೈಮುಗಿದು ಬಂದವರು.

ಕ್ಲಾಸಿನಲ್ಲಿ ಹೇಳುತ್ತಿದ್ದರು: "ಕಲ್ಲಿಗೆ ಮೊದ್ಲ ಹೆಸರ ಕೇಳಬ್ಯಾಡ್ರಿ, ಊರ ಕೇಳ್ರಿ. ನೆಲದಾಗ ಬೇರೂರಿ ಕುಂತ ಕಲ್ಲು ಖರೇ ಹೇಳತೈತಿ. ಜಾಗಾ ಬಿಟ್ಟು ಉರುಳಿ ಬಂದ ಕಲ್ಲು ಏನ್ ಬೇಕಾದ್ದು ಹೇಳತೈತಿ. ಅದರ ಮಾತು ನಂಬಿದ್ರ ಕೆಟ್ರಿ."

ಅವರ ಹೊರಗಿನ ಕೆಲಸದ ನೋಟ್‌ಬುಕ್ಕಿಗೆ ಕೆಲವು ಕಟ್ಟಳೆಗಳಿದ್ದವು. ರಬ್ಬರ್ ಮುಟ್ಟುವಂತಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು; ಕೆಳಗಿನ ತಪ್ಪು ಓದಲು ಬರುವಂತಿರಬೇಕು. ಸರಿಯಾದದ್ದನ್ನು ಮೇಲೆ ಬರೆದು ಸಹಿ, ತಾರೀಖು ಹಾಕಬೇಕು. ಅನುಮಾನ ಇದ್ದ ಕಡೆ ಪೆನ್ಸಿಲಿನಿಂದ ಪ್ರಶ್ನೆಯ ಚಿಹ್ನೆ ಹಾಕುತ್ತಿದ್ದರು; ಅಲ್ಲಿಗೆ ಇನ್ನೊಮ್ಮೆ ಹೋಗಬೇಕು ಎಂದು ಅದರರ್ಥ. ಹೋಗಿ ಬಂದ ಮೇಲೆ ಆ ಚಿಹ್ನೆಯ ಪಕ್ಕದಲ್ಲಿ ಸಣ್ಣದೊಂದು ಸರಿ ಗುರುತು. ಕೆಲವು ಪ್ರಶ್ನೆಗಳಿಗೆ ಸರಿ ಗುರುತು ಬೀಳಲು ಆರು ವರ್ಷ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಅವಸರ ಇರಲಿಲ್ಲ.

ಕಲ್ಲುಗಳ ಚೀಲಕ್ಕೂ ಒಂದು ಕಟ್ಟಳೆ. ಒಳಗೆ ಒಂದು ಚೀಟಿ, ಚೀಟಿಯಲ್ಲಿ ಊರು ಮತ್ತು ನಂಬರು.

"ಚೀಟಿ ಇಲ್ಲದ ಕಲ್ಲು ಕಸ, ತಂಗಿ. ಒಗದು ಬಿಡು. ಅಂದಾಜಿನ ಮ್ಯಾಲೆ ಮಾತ್ರ ಬರೀಬ್ಯಾಡ."

"ಹೂನ್ರಿ ಸರ್" ಎಂದಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಎರಡು ದಿನ ಕಲ್ಲು ಕೂಡಿಸಿದೆವು. ಮೊದಲನೆಯ ದಿನ ನಾನೊಬ್ಬಳೇ ಬಸ್ಸು ಹಿಡಿದು ಕರ್ಜಗಿಗೆ ಹೋಗಿ, ವರದಾ ನದಿಯ ದಂಡೆಯಲ್ಲಿ ಬಿದ್ದಿದ್ದ ಬಿಡಿಗಲ್ಲುಗಳನ್ನು ಆರಿಸಿ ತಂದೆ. ಅವು ವಿದ್ಯಾರ್ಥಿಗಳ ಅಭ್ಯಾಸಕ್ಕೆ. ನದಿ ಎಲ್ಲಿಂದಲೋ ಉರುಳಿಸಿ ತಂದ ಕಲ್ಲಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಇಲ್ಲ. ಮರುದಿನ ಸರ್ ಜೊತೆ ಕದರಮಂಡಲಗಿಗೆ ಹೋದೆ. ಅಲ್ಲಿಯ ಒಂದು ಹೊಲದಲ್ಲಿ ಹೊಸ ಬಾವಿ ತೋಡಿದ್ದರು. ಬಾವಿಯ ದಂಡೆಗೆ ರಾಶಿ ಹಾಕಿದ್ದ, ಆಳದಿಂದ ಒಡೆದು ತೆಗೆದ ಕಲ್ಲುಗಳಲ್ಲಿ ಹನ್ನೆರಡನ್ನು ಆರಿಸಿಕೊಂಡೆವು. ಅವು ಪಿಎಚ್.ಡಿ.ಗೆ.

ಕಾಲೇಜಿನ ಬಟ್ಟೆ ಚೀಲಗಳು ಸಾಲದೆ ನಾನು ಮನೆಯಲ್ಲಿದ್ದ ಮೆಣಸಿನಕಾಯಿ ಚೀಲಗಳನ್ನೇ ಕತ್ತರಿಸಿ ಹೊಲಿದುಕೊಂಡಿದ್ದೆ. ಮಳೆ ಅವನ್ನೆಲ್ಲ ತೊಯ್ಯಿಸಿತು. ಬ್ಯಾಡಗಿಯ ಮನೆಗೆ ಒಯ್ದು, ಸೀನುತ್ತ ಸೀನುತ್ತ ಚೀಲ ಬಿಚ್ಚಿದರೆ ಚೀಟಿಗಳ ಶಾಯಿ ಇಳಿದು ಕೆಂಪು ನೀರಿನಲ್ಲಿ ಬೆರೆತಿತ್ತು. ಮೂವತ್ತರ ಹತ್ತಿರ ಕಲ್ಲುಗಳು, ಎಲ್ಲಕ್ಕೂ ಎರೆಮಣ್ಣು ಮೆತ್ತಿಕೊಂಡಿದೆ. ಕಸ ಎಂದು ಒಗೆಯಬೇಕು. ಒಗೆದರೆ ಸರ್‌ಗೆ ಏನು ಹೇಳುವುದು? ಹೆದರಿದೆ. ಕೂತು ಹೊಸ ಚೀಟಿ ಬರೆದೆ. ಹೆಚ್ಚಿನವು ನೆನಪಿದ್ದವು. ಎರಡು ಮಾತ್ರ ಒಂದೇ ಗಾತ್ರ, ಒಂದೇ ಆಕಾರ. ಒಂದಕ್ಕೆ ಕರ್ಜಗಿ ಎಂದು ಬರೆದೆ. ಇನ್ನೊಂದಕ್ಕೆ ಕದರಮಂಡಲಗಿ, ಇಪ್ಪತ್ತೇಳು ಎಂದು ಬರೆದೆ.

ವಾರದ ನಂತರ ಪ್ರಯೋಗಾಲಯದಲ್ಲಿ ಇಪ್ಪತ್ತೇಳನ್ನು ತೊಳೆದವಳೂ ನಾನೇ. ಮಣ್ಣು ಹೋದ ಮೇಲೆ ಅದರ ಒಂದು ಮಗ್ಗುಲು ಬೆರಳಿಗೆ ನುಣ್ಣಗೆ ತಾಕಿತು. ಬಾವಿಯಿಂದ ಸಿಡಿಸಿ ತೆಗೆದ ಕಲ್ಲಿಗೆ ನುಣುಪು ಎಲ್ಲಿಂದ ಬರಬೇಕು? ಅದು ನದಿಯ ನೀರು ಉಜ್ಜಿದ ನುಣುಪು. ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಗೊತ್ತಾದರೂ ಕಲ್ಲನ್ನು ಕೊಯ್ಯುವ ಯಂತ್ರಕ್ಕೆ ಕೊಟ್ಟೆ. ಆ ಮಗ್ಗುಲಿನ ಚೂರು ಕೊಯ್ಯುವಾಗ ಕಸಕ್ಕೆ ಬಿತ್ತು. ನಾನು ಅದನ್ನು ಎತ್ತಿಡಲಿಲ್ಲ.

ಕೊಯ್ದ ಮುಖವನ್ನು ಸರ್ ನೆಕ್ಕಿ ನೋಡಿದರು. ಬೂದು ಬಣ್ಣದ ಕಲ್ಲಿನ ನಡುವೆ ಗುಲಾಬಿ ಬಣ್ಣದ ದುಂಡು ಗ್ರಾನೈಟ್ ಹರಳುಗಳು, ಶೇಂಗಾ ಚಿಕ್ಕಿಯಲ್ಲಿ ಶೇಂಗಾ ಕೂತ ಹಾಗೆ ಕೂತಿದ್ದವು. ಸರ್ ಮತ್ತೊಮ್ಮೆ ನೆಕ್ಕಿದರು.

"ತಂಗಿ, ಇದರ ಅರ್ಥ ಗೊತ್ತೈತೇನು? ಈ ನೆಲಾ ಹುಟ್ಟೂದಕ್ಕಿಂತ ಮೊದ್ಲ ಇಲ್ಲಿ ಇನ್ನೊಂದು ನೆಲಾ ಇತ್ತು. ಅದು ಸವದು, ಉರುಳಿ, ಇದರ ಹೊಟ್ಟಿಯೊಳಗ ಬಂದು ಕುಂತೈತಿ. ಕದರಮಂಡಲಗಿ ಬಾವ್ಯಾಗ!"

ಆಗ ಹೇಳಬೇಕಿತ್ತು. ಅವರು ಆ ಕಲ್ಲನ್ನು ಎದೆಗೆ ಒತ್ತಿಕೊಂಡು ಕಾಲೇಜಿನ ಎಲ್ಲ ವಿಭಾಗಕ್ಕೂ ತೋರಿಸಲು ಓಡಿದರು. ಸಂಸ್ಕೃತದ ಮಾಸ್ತರರಿಗೂ ನೆಕ್ಕಿ ನೋಡಲು ಕೊಟ್ಟರಂತೆ. ಅಕ್ಕ ಹೋಳಿಗೆ ಮಾಡಿ ನನ್ನನ್ನೂ ಊಟಕ್ಕೆ ಕರೆದರು. ನಾಳೆ ಹೇಳೋಣ ಎಂದುಕೊಂಡು ಉಂಡೆ. ಆ ನಾಳೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಚಿಕ್ಕಿ ಕಲ್ಲು ಅವರ ಪ್ರಬಂಧದ ನಾಲ್ಕನೆಯ ಅಧ್ಯಾಯವಾಗಿತ್ತು.

ಪ್ರಬಂಧ ನೋಡಿದ ಪರೀಕ್ಷಕರು ಖಡಕ್ ಮನುಷ್ಯ. ಅವರ ಪತ್ರದ ಸಾರ ಇಷ್ಟೇ: ಒಂದೇ ಬಾವಿಯ ಹನ್ನೊಂದು ಕಲ್ಲು ಬರೀ ಬೂದು, ಒಂದು ಮಾತ್ರ ಬೇರೆ; ಆ ಬಂಡೆಯನ್ನು ಬಾವಿಯ ಗೋಡೆಯಲ್ಲೇ ನೋಡಿದ್ದೀರಾ? ನೋಡಿಲ್ಲವಾದರೆ ನೋಡಿ ಉತ್ತರಿಸಿ. ಬಾವಿ ತುಂಬ ನೀರಿತ್ತು. ಸರ್ ಎರಡು ಸಲ ವಾಯಿದೆ ಕೇಳಿದರು. ಕಡೆಯ ವಾಯಿದೆ ಮುಗಿಯುವ ಹಿಂದಿನ ದಿನ ಕದರಮಂಡಲಗಿಯಿಂದ ಹೊಲದವರು ಹೇಳಿ ಕಳಿಸಿದರು: ಬಾವಿ ಇನ್ನಷ್ಟು ಆಳ ಮಾಡಲು ನೀರು ಎತ್ತಿ ಹೊರಗೆ ಹಾಕಿದ್ದೇವೆ, ನೋಡುವುದಿದ್ದರೆ ಬನ್ನಿ.

ಬಿರುಬಿಸಿಲಿನ ಮಧ್ಯಾಹ್ನ. ನಾವು ಮುಟ್ಟುವ ಹೊತ್ತಿಗೆ ಬಾವಿಯ ತಳದಲ್ಲಿ ಸಿಡಿಮದ್ದು ತುಂಬಿ ಬತ್ತಿ ಹಚ್ಚಿ, ಬಾವಿ ತೋಡಿಸುವ ಮೇಸ್ತ್ರಿ ಮೇಲೆ ಬಂದಾಗಿತ್ತು. ನಮ್ಮನ್ನು ಕಂಡವನೇ ಕೈ ಬೀಸಿ ಬೇವಿನ ಮರದ ಹಿಂದೆ ಅಡಗಿಸಿದ. ತಾನು ಕೂತು ಬಲಗೈ ಚಾಚಿದ. ಒಂದು ಸದ್ದಾಯಿತು, ಕಿರುಬೆರಳು ಮಡಚಿದ. ಎರಡು. ಮೂರು. ನಾಲ್ಕು. ಮಣ್ಣು, ಚೂರು ಎಲ್ಲ ಬಿದ್ದು ಮುಗಿದರೂ ಅವನು ಕೈ ಇಳಿಸಲಿಲ್ಲ. ಹೆಬ್ಬೆರಳು ಹಾಗೆಯೇ ನಿಂತಿತ್ತು.

"ಐದ ಹಚ್ಚೇನ್ರಿ. ನಾಕ ಎಣಿಸೇನಿ. ಒಂದು ಒಳಗ ಕುಂತೈತಿ. ಇವತ್ತ ಯಾರೂ ಇಳಿಯೂದಿಲ್ಲ. ನಾಳೆ ಹೊತ್ತೇರಿದ ಮ್ಯಾಲೆ ನಾ ಒಬ್ಬನ ಇಳದು ನೋಡ್ತೇನಿ, ಆಮ್ಯಾಲೆ ನೀವು."

"ನಾಳೆ ಮಧ್ಯಾಹ್ನದೊಳಗ ನಾ ಧಾರವಾಡದಾಗ ಉತ್ತರಾ ಕೊಡಬೇಕೋ" ಎಂದರು ಸರ್. "ಎರಡು ಕೂಡೇ ಹಾರಿರಬೇಕು."

"ಹಾರಿರಬಹುದ್ರಿ. ಹಾರದಿದ್ರ?"

ಸರ್ ಬಾವಿಯ ಸುತ್ತ ಒಂದು ಸುತ್ತು ಹಾಕಿದರು. ಒಂದು ತಾಸು ಕಾದರು. ಕೂತರು, ಎದ್ದರು, ಕೈಗಡಿಯಾರ ನೋಡಿದರು. ನಾನು ಬೇವಿನ ಬುಡದಲ್ಲಿ ನಿಂತು ಬಾಯಿ ತೆರೆದೆ, ಮುಚ್ಚಿದೆ. ಆ ಒಂದು ತಾಸಿನಲ್ಲಿ ಎಷ್ಟು ಸಲ ತೆರೆದು ಮುಚ್ಚಿದೆನೋ. ಅವರು ಮನಸ್ಸು ಬದಲಿಸಿಯಾರು, ಮೇಸ್ತ್ರಿ ಹಟ ಹಿಡಿದಾನು, ನಾನು ಹೇಳುವ ಪ್ರಸಂಗ ತಪ್ಪೀತು ಎಂದು ಕಾಯುತ್ತಿದ್ದೆ. ಇಷ್ಟು ಹೇಡಿ ನಾನು.

ಕೊನೆಗೆ ಸರ್ ಕನ್ನಡಕವನ್ನು ದಾರದಿಂದ ಕಿವಿಗೆ ಬಿಗಿದುಕೊಂಡರು. ಕಲ್ಲು ಮೇಲೆತ್ತುವ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡರು.

ಮೇಸ್ತ್ರಿ ಅಡ್ಡ ನಿಂತ. "ನನ್ನ ಕೈಲೆ ಇಳಸಂಗಿಲ್ರಿ ಸರ. ನಿಮ್ಮ ಮನ್ಯಾಗ ನಾ ಏನ್ ಹೇಳ್ಲಿ?"

"ನೀ ಇಳಸಬ್ಯಾಡ. ನಾ ಇಳೀತೇನಿ."

ಹಗ್ಗದ ತುದಿಯನ್ನು ಬೇವಿನ ಬೊಡ್ಡೆಗೆ ಎರಡು ಸುತ್ತು ಸುತ್ತಿ ನನ್ನ ಕೈಗೆ ಕೊಟ್ಟರು. "ಸಾವಕಾಶ ಬಿಡು ತಂಗಿ. ನಾ ಏನಾದ್ರೂ ಅಂದ್ರ ಕೇಳಸಕೋ." ಬಾವಿಯ ಗೋಡೆಗೆ ಕಡಿದಿದ್ದ ಮೆಟ್ಟುಗಳಲ್ಲಿ ಕಾಲಿಟ್ಟು ಇಳಿಯತೊಡಗಿದರು. ಸೊಂಟ ಮರೆಯಾಯಿತು, ಭುಜ ಮರೆಯಾಯಿತು. ಕೊನೆಗೆ ನರೆತ ತಲೆ ದಂಡೆಯಿಂದ ಕೆಳಗಿಳಿದು ಹಗ್ಗ ಮಾತ್ರ ಉಳಿಯಿತು.

"ಸರ್! ಇಳೀಬ್ಯಾಡ್ರಿ! ಆ ಕಲ್ಲು ಇಲ್ಲೀದಲ್ರಿ!" ಎಂದು ಚೀರಿದೆ. "ಚೀಟಿ ಮಳ್ಯಾಗ ತೊಯ್ದಿದ್ವು. ನಾ ತಿರುಗಿ ಬರದಿದ್ದೆ. ಅದು ಕರ್ಜಗಿ ಕಲ್ಲು ಇರಬೇಕ್ರಿ ಸರ್!"

ಹಗ್ಗ ನಿಂತಿತು. ಮೇಸ್ತ್ರಿ ನನ್ನನ್ನು ನೋಡಿದ. ಬಾವಿಯೊಳಗಿನಿಂದ ಧ್ವನಿ ಬಂತು, ಕ್ಲಾಸಿನಲ್ಲಿ ಪ್ರಶ್ನೆ ಕೇಳುವಾಗಿನ ಅದೇ ಧ್ವನಿ.

"ಇರಬೇಕೋ, ಐತೋ?"

ಐತಿ ಎಂದಿದ್ದರೆ ಅವರು ಮೇಲೆ ಬರುತ್ತಿದ್ದರು. ಐತಿ ಎಂದರೆ, ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳುತ್ತಾರೆ. ನನ್ನ ಬಾಯಿಂದ ಬಂದದ್ದು, "ಗೊತ್ತಿಲ್ರಿ ಸರ್."

"ಗೊತ್ತಿಲ್ಲ ಅಂದ್ರ ನೋಡಬೇಕು. ಹಗ್ಗಾ ಬಿಡು."

ಬಿಟ್ಟೆ. ಮೇಸ್ತ್ರಿ ಬೈಯುತ್ತ ಬಂದು ನನ್ನ ಹಿಂದೆ ಹಗ್ಗ ಹಿಡಿದ. "ಸುತ್ತಿಗಿ ಹಚ್ಚಬ್ಯಾಡ್ರಿ ಸರ! ಒಂದ ಪೆಟ್ಟೂ ಹೊಡೀಬ್ಯಾಡ್ರಿ!" ಎಂದು ಬಾವಿಯೊಳಗೆ ಕೂಗಿದ. ಕೆಳಗೆ ಕಲ್ಲುಚೂರು ಜರುಗುವ ಸದ್ದು. ನಂತರ ಅದೂ ನಿಂತಿತು. ಸರ್ ಉಗುರಿನಿಂದ ಕೆರೆದು, ನಾಲಿಗೆಯಿಂದ ತೊಯ್ಯಿಸಿ, ಆ ಗೋಡೆಯನ್ನು ಗೇಣು ಗೇಣಾಗಿ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಕೈಗೆ ಹಗ್ಗ ಕೊರೆಯುತ್ತಿತ್ತು. ಪ್ರತಿ ಉಸಿರಿಗೂ ಐದನೆಯ ಸದ್ದಿಗಾಗಿ ಕಿವಿ ನಿಮಿರುತ್ತಿತ್ತು. ಅಂಥ ಅರ್ಧ ತಾಸನ್ನು ನಾನು ಮತ್ತೆ ಕಂಡಿಲ್ಲ.

ಅವರು ಮೇಲೆ ಬಂದಾಗ ತುಟಿ, ಗಡ್ಡಕ್ಕೆಲ್ಲ ಬೂದು ಧೂಳು ಮೆತ್ತಿತ್ತು. ದಂಡೆಯ ಮೇಲೆ ಕೂತು ನೀರು ಕೇಳಿ ಕುಡಿದರು.

"ಬರೀ ಬೂದು" ಎಂದರು. "ತಳದಿಂದ ಮ್ಯಾಲಿನ ತನಕ ಬರೀ ಬೂದು ಕಲ್ಲು. ಚಿಕ್ಕಿ ಎಲ್ಲೂ ಇಲ್ಲ."

ನಾನು ಅಳುತ್ತಿದ್ದೆ. ಬೈಯಲಿ ಎಂದು ಕಾದೆ. ಅವರು ನೋಟ್‌ಬುಕ್ ತೆಗೆದು, ಎರಡು ವರ್ಷದ ಹಿಂದಿನ ಪುಟ ಹುಡುಕಿ, ಇಪ್ಪತ್ತೇಳರ ಮೇಲೆ ಒಂದು ಗೆರೆ ಎಳೆದರು. ನಂತರ ಪೆನ್ನನ್ನು ನನ್ನ ಕಡೆ ಚಾಚಿದರು. "ಬರಿ. ಏನಾತು ಅನ್ನೂದು ನೀನ ಬರಿ."

ಬರೆದೆ: "ಮಾದರಿ ಇಪ್ಪತ್ತೇಳರ ಚೀಟಿ ಮಳೆಯಲ್ಲಿ ತೊಯ್ದು ನಾನು ಬೇರೆ ಚೀಟಿ ಬರೆದಿದ್ದೆ. ಅದು ಕರ್ಜಗಿಯ ಕಲ್ಲು ಎಂದು ನನಗೆ ಇವತ್ತು ಅನುಮಾನ ಬಂದಿತು." ಸಹಿ ಮಾಡಿದೆ, ತಾರೀಖು ಹಾಕಿದೆ. ಸರ್ ಓದಿದರು. ಮತ್ತೊಮ್ಮೆ ಓದಿದರು. ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು.

ಮರುದಿನ ಧಾರವಾಡಕ್ಕೆ ಹೋಗಿ ನಾಲ್ಕನೆಯ ಅಧ್ಯಾಯವನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಅದನ್ನು ಕಿತ್ತ ಮೇಲೆ ಉಳಿದದ್ದು ಪ್ರಬಂಧದ ಹಾಗೆ ಕಾಣಲಿಲ್ಲ. ಹೊಸದಾಗಿ ನೆಲ ನೋಡಿ ಬರೆಯಬೇಕಾಯಿತು. ಇನ್ನೂ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರ ಜಾಗ ಅವರಿಗಿಂತ ಕಿರಿಯರಿಗೆ ಹೋಯಿತು. ಯಾರು ಕೇಳಿದರೂ, "ನಾ ಗ್ವಾಡಿ ನೋಡದ ಬರದೆ, ನಂದ ತಪ್ಪು" ಎನ್ನುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ಸರ್ ಬಾವಿಗಿಳಿದ ವಾರದ ಮೇಲೆ ಮೇಸ್ತ್ರಿ ರಾಣೇಬೆನ್ನೂರಿಗೆ ಬಂದು ಸರ್ ಮೇಜಿನ ಮೇಲೆ ಗೇಣುದ್ದದ ಬತ್ತಿಯೊಂದನ್ನು ಇಟ್ಟ. ತುದಿ ಮಾತ್ರ ಕರ್ರಗಾಗಿ ನಂದಿಹೋಗಿತ್ತು.

"ನಿಮ್ಮ ಐದನೇದ್ರಿ ಸರ. ಮದ್ದು ತಗದು ನೀರಿಗೆ ಹಾಕೇನಿ. ನೀವು ಕುಂತು ನೆಕ್ಕಾಕತ್ತಿದ್ರಲ್ಲ, ಆ ಜಾಗಾದಿಂದ ಒಂದ ಮೊಳಾ."

ಸರ್ ಬತ್ತಿಯನ್ನು ತಿರುಗಿಸಿ ನೋಡಿದರು. ಕಲ್ಲುಗಳನ್ನಿಡುವ ಪೆಟ್ಟಿಗೆಯೊಂದರಲ್ಲಿ ಇಟ್ಟು ಊರು, ತಾರೀಖು, ತಂದವನ ಹೆಸರು ಬರೆದು ಚೀಟಿ ಹಾಕಿದರು.

ಶಿಫಾರಸು ಪತ್ರ ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಬರೆದು ಕೊಟ್ಟರು. ಎಂ.ಎಸ್ಸಿ.ಗೆ ಹೋದೆ, ಪಾಸಾದೆ, ನಾನೂ ಮೇಷ್ಟ್ರಾದೆ. ನನ್ನ ವಿದ್ಯಾರ್ಥಿಗಳು ರಬ್ಬರ್ ಮುಟ್ಟಿದರೆ ಸಿಡಿಮಿಡಿಗೊಳ್ಳುವ ಮೇಷ್ಟ್ರು ಎಂದು ಹೆಸರಾಯಿತು. ರಜೆಯಲ್ಲಿ ಬ್ಯಾಡಗಿಗೆ ಬಂದಾಗಲೆಲ್ಲ ಸರ್ ಮನೆಗೆ ಹೋಗುತ್ತಿದ್ದೆ. ಚಹಾ ಕುಡಿದು, ಹೊಸ ಕಲ್ಲುಗಳನ್ನು ನೋಡಿ, ಹೊರಡಲು ಎದ್ದಾಗ ಅವರು ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು.

"ಮತ್ತ ಹೇಳೂದು ಏನರ ಉಳದೈತೇನು, ತಂಗಿ?"

"ಏನಿಲ್ರಿ ಸರ್" ಎನ್ನುತ್ತಿದ್ದೆ. ವಯಸ್ಸಾದವರು ಬಾಗಿಲವರೆಗೆ ಬಂದು ಕೇಳುವ ಉಪಚಾರದ ಮಾತು ಎಂದೇ ತಿಳಿದಿದ್ದೆ. ಇಷ್ಟು ವರ್ಷವೂ ಹಾಗೇ ತಿಳಿದಿದ್ದೆ.

ಹೋದ ತಿಂಗಳು ಸರ್ ದಿನಕರ್ಮ ಮುಗಿದ ಮೇಲೆ ಅಕ್ಕ ನನ್ನನ್ನು ಒಳಗೆ ಕರೆದರು. ನಲವತ್ತರಷ್ಟು ನೋಟ್‌ಬುಕ್ಕುಗಳು ಕಪಾಟಿನಲ್ಲಿದ್ದವು. ಅವೆಲ್ಲ ಕಾಲೇಜಿಗೆ ಎಂದರು. ಒಂದನ್ನು ಮಾತ್ರ ಬೇರೆ ತೆಗೆದಿಟ್ಟಿದ್ದರು.

"ಇದು ನಿನಗ ಅಂತ. ದವಾಖಾನಿಗೆ ಹೋಗೂ ಮುಂದ ಹೇಳಿದ್ರು."

ಪುಟ ಹುಡುಕುವ ಕಷ್ಟ ಬೀಳಲಿಲ್ಲ. ಅಲ್ಲಿಯೇ ಒಂದು ಚೀಟಿ ಇಟ್ಟಿದ್ದರು. ನನ್ನ ಇಪ್ಪತ್ತನಾಲ್ಕರ ವಯಸ್ಸಿನ ದುಂಡು ಅಕ್ಷರ. ಅದರಲ್ಲಿ "ಇವತ್ತು" ಎಂಬ ಶಬ್ದದ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನೆಯ ಚಿಹ್ನೆ. ಹಳೆಯದು, ಮಾಸಿದ್ದು. ಬಾವಿಯಿಂದ ಬಂದ ಆ ಸಂಜೆಯೇ ಹಾಕಿರಬೇಕು. ಇರಬೇಕೋ, ಐತೋ ಎಂದು ಕೇಳಲು ಅವರಿಲ್ಲ.

ಅಕ್ಕನ ಹತ್ತಿರ ಪೆನ್ನು ಇಸಿದುಕೊಂಡೆ. "ಇವತ್ತು" ಮತ್ತು "ಅನುಮಾನ ಬಂದಿತು" ಎಂಬ ಮಾತುಗಳ ಮೇಲೆ, ಓದಲು ಬರುವ ಹಾಗೆ, ಒಂದೊಂದೇ ಗೆರೆ ಎಳೆದೆ. ಮೇಲೆ ಬರೆದೆ: "ಕಲ್ಲು ತೊಳೆದ ದಿನದಿಂದ ಗೊತ್ತಿತ್ತು." ಸಹಿ ಹಾಕಿ ತಾರೀಖು ಬರೆದೆ. ಪ್ರಶ್ನೆಯ ಪಕ್ಕದಲ್ಲಿ ಸರಿ ಗುರುತಿಗಾಗಿ ಅವರು ಬಿಟ್ಟಿದ್ದ ಜಾಗ ಹಾಗೆಯೇ ಇದೆ. ಅದನ್ನು ಹಾಕಬೇಕಾದವರು ಅವರು.